ಹಳೇ ಟೈರ್ ಹೇಗೆ ಸತ್ತಿತು ಅಂತ ನೋಡದೆ ಹೊಸದು ಕೊಳ್ಳಬೇಡಿ

ನನ್ನದು 6 ಸಿಲಿಂಡರಿನ ಕೂಪೆ. ಎಂಜಿನ್ನಿನ ಶಕ್ತಿಯೆಲ್ಲ ಹಿಂದಿನ ಚಕ್ರಕ್ಕೆ. ಮುಂದೆ 225/40 ಆರ್18, ಹಿಂದೆ ಅದಕ್ಕಿಂತ ಅಗಲವಾದ 255/35 ಆರ್18 ಟೈರ್ (ಈ ಅಂಕಿಗಳ ಅರ್ಥ ಮುಂದೆ ಬರುತ್ತದೆ). ಕಾರು ಕೊಂಡ ಮೇಲೆ ಹಿಂದಿನ ಚಕ್ರಕ್ಕೆ ಹಾಕಿಸಿದ ಮೊದಲ ಜೋಡಿ 14,000 ಕಿಮೀಗೆ ಮುಗಿಯಿತು. ಮೆತ್ತನೆ ರಬ್ಬರ್ ಅಲ್ವಾ, ಇಷ್ಟೇ ಬರೋದು ಅಂದುಕೊಂಡೆ. ಬಾಳಿಕೆಗೆ ಹೆಸರಾದ ಬೇರೆ ಟೈರ್ ಹುಡುಕಿ ಹಾಕಿಸಿದೆ. ಅದು 15,000ಕ್ಕೆ ಹೋಯಿತು. ಮೂರನೇ ಸಲ ಇನ್ನೂ ಗಟ್ಟಿಯಾದದ್ದು ಯಾವುದಿದೆ ಅಂತ ಫೋನಿನಲ್ಲಿ ನೋಡುತ್ತಾ ಕೂತಿದ್ದೆ. ಅಲೈನ್‌ಮೆಂಟ್ ಮಾಡುವ, ಅಂದರೆ ಚಕ್ರಗಳ ಕೋನ ಸರಿಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರು, ಆಗಷ್ಟೇ ಬಿಚ್ಚಿದ್ದ ಬಲಗಡೆಯ ಟೈರನ್ನು ಉರುಳಿಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದರು.

"ಕೈ ಇಡಿ ಸಾರ್" ಅಂದರು.

ಅಂಗೈ ಇಟ್ಟು ಅಡ್ಡಕ್ಕೆ ಸವರಿದೆ. ಒಂದು ದಿಕ್ಕಿಗೆ ನುಣ್ಣಗಿತ್ತು. ವಾಪಸ್ ಎಳೆದೆ, ಗರಗಸದ ಹಲ್ಲಿನ ಹಾಗೆ ಕೈಗೆ ತಾಗಿತು. ಹೊರ ಅಂಚಿನ ಗ್ರೂವ್‌ನಲ್ಲಿ, ಅಂದರೆ ರಬ್ಬರಿನ ಗೀರಿನಲ್ಲಿ, ಇನ್ನೂ 4 ಮಿಮೀ ಆಳ ಇತ್ತು. ಒಳ ಅಂಚಿನಲ್ಲಿ ರಬ್ಬರೇ ಇರಲಿಲ್ಲ, ತಂತಿ ಮಿನುಗುತ್ತಿತ್ತು. ಕಾರು ನಿಂತಿದ್ದಾಗ ಬಗ್ಗಿ ನೋಡಿದರೂ ಕಾಣದ ಜಾಗ ಅದು. ನಾನಂತೂ ಒಂದು ದಿನವೂ ಬಗ್ಗಿರಲಿಲ್ಲ.

"ಇದು ಸವೆದದ್ದಲ್ಲ, ಉಜ್ಜಿ ತೆಗೆದದ್ದು" ಅಂದರು ಅವರು. ಎಡಗಡೆಯ ಟೈರ್ ತಂದು ಪಕ್ಕಕ್ಕಿಟ್ಟರು. ಅದರಲ್ಲಿ ಅಂಚಿನಿಂದ ಅಂಚಿಗೆ ಬೇಕಾದಷ್ಟು ಜೀವ ಇತ್ತು. ಬಲಗಡೆಯ ಹಿಂದಿನ ಸಸ್ಪೆನ್ಶನ್ ಆರ್ಮ್‌ನ ಬುಷ್ (ಕೀಲಿನ ರಬ್ಬರ್ ತುಂಡು) ಹರಿದು ಚಕ್ರ ಹೊರಕ್ಕೆ ತಿರುಗಿಕೊಂಡಿತ್ತು. ಮೊದಲ ಜೋಡಿಗೂ ಇದೇ ಆಗಿದ್ದಿರಬೇಕು. ಜೋಡಿಯಾಗಿ ಬದಲಿಸುತ್ತಾ ಎಡಗಡೆಯ ಒಳ್ಳೆ ಟೈರನ್ನೂ ಬಿಸಾಕಿದ್ದೆ. ಬುಷ್ ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ, ಮೊದಲ ಸಲ ಹಾಕಿಸಿದ್ದ ಅದೇ "ಮೆತ್ತನೆ" ಟೈರನ್ನೇ ಮತ್ತೆ ಹಾಕಿಸಿದೆ. ಅದು 27,000 ಕಿಮೀ ಬಂತು.

ಅದಕ್ಕೇ ಈ ಬರಹದಲ್ಲಿ ಹೊಸ ಟೈರಿನ ಮಾತಿಗಿಂತ ಮೊದಲು ಹಳೇ ಟೈರಿನ ಮಾತು ಬರುತ್ತದೆ.

ಮೊದಲು ಪೋಸ್ಟ್‌ಮಾರ್ಟಂ

ಟ್ರೆಡ್, ಅಂದರೆ ರಸ್ತೆಗೆ ತಾಗುವ ರಬ್ಬರಿನ ಆಳ ಅಳೆಯುವ ಪುಟ್ಟ ಗೇಜ್ ಒಂದು ಇಟ್ಟುಕೊಳ್ಳಿ. ಪ್ರತಿ ಟೈರಿನಲ್ಲಿ ಮೂರು ಕಡೆ ಅಳೆಯಿರಿ: ಒಳ ಅಂಚು, ನಡು, ಹೊರ ಅಂಚು. ಗ್ರೂವ್‌ನ ತಳದಲ್ಲಿ ಸಣ್ಣ ದಿಮ್ಮಿಯ ಹಾಗೆ ಎದ್ದಿರುವ ರಬ್ಬರ್ ಗುರುತಿನ ಮೇಲೆ ಗೇಜ್ ಇಡಬೇಡಿ. ಅದು 1.6 ಮಿಮೀ ಎತ್ತರದ ಸವೆತದ ಗುರುತು. ಟ್ರೆಡ್ ಅದರ ಸಮಕ್ಕೆ ಬಂತು ಅಂದರೆ ಟೈರಿನ ಕತೆ ಮುಗಿಯಿತು. ಮುಂದಿನ ಚಕ್ರವಾದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಅಳೆಯಬಹುದು. ಹಿಂದಿನದಕ್ಕೆ ನೆಲದ ಮೇಲೆ ಮಲಗಲೇಬೇಕು. ಫೋನನ್ನು ಟೈರಿನ ಹಿಂದೆ ಚಾಚಿ ಫೋಟೋ ತೆಗೆಯುವುದು ನನ್ನ ಉಪಾಯ.

ಎರಡೂ ಅಂಚು ಸವೆದು ನಡು ಉಳಿದಿದ್ದರೆ ಬಹುಶಃ ಗಾಳಿ ಕಮ್ಮಿ ಇಟ್ಟುಕೊಂಡೇ ಓಡಿಸಿದ್ದೀರಿ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಹಾಟ್ ಹ್ಯಾಚ್‌ನಲ್ಲಿ (ಜೋರು ಎಂಜಿನ್ನಿನ ಪುಟ್ಟ ಹ್ಯಾಚ್‌ಬ್ಯಾಕ್) ಮುಂದಿನ ಟೈರಿನ ಹೊರ ಅಂಚು ದುಂಡಗೆ ಸವೆದಿದ್ದರೆ ತಿರುವಿನಲ್ಲಿ ನೀವು ಅದರ ಮೇಲೆ ತುಂಬಾ ಭಾರ ಹಾಕುತ್ತಿದ್ದೀರಿ ಅಂತ ಅರ್ಥ. ಖುಷಿಗೆ ಕಟ್ಟುವ ಸುಂಕ ಅದು, ಬಿಡಿ. ಟೈರಿನ ಸುತ್ತ ಅಲ್ಲಲ್ಲಿ ಗುಳಿ ಬಿದ್ದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ನೋಡಿಸಿ. ಇಂಥ ಟೈರ್ ವೇಗ ಏರಿದ ಹಾಗೆ "ಗೂಂ" ಅನ್ನುತ್ತದೆ. ವೀಲ್ ಬೇರಿಂಗ್ ಹೋಗಿದೆ ಅಂದುಕೊಂಡು ಒಳ್ಳೆ ಬೇರಿಂಗ್ ಬಿಚ್ಚಿಸಿದವರಲ್ಲಿ ನಾನೂ ಒಬ್ಬ.

ಎಲ್ಲಕ್ಕಿಂತ ದೊಡ್ಡ ಕಳ್ಳ ಟೋ, ಅಂದರೆ ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಕ್ಯಾಂಬರ್ ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು. ಪರ್ಫಾರ್ಮೆನ್ಸ್ ಕಾರಿನಲ್ಲಿ ಅದು ಸ್ವಲ್ಪ ಜಾಸ್ತಿಯೇ ಇರುತ್ತದೆ, ಒಳ ಅಂಚು ತುಸು ಬೇಗ ಸವೆಯುತ್ತದೆ. ಎಲ್ಲರೂ ಅದನ್ನೇ ಬೈಯುತ್ತಾರೆ. ಆದರೆ ಟೋ ಕೆಟ್ಟರೆ ಚಕ್ರ ಓಡುವ ದಿಕ್ಕೇ ಬೇರೆ, ನೋಡುವ ದಿಕ್ಕೇ ಬೇರೆ. ಲೆಕ್ಕ ಹಾಕಿ ನೋಡಿ: ಚಕ್ರ ಬರೀ ಕಾಲು ಡಿಗ್ರಿ ತಪ್ಪಾಗಿ ತಿರುಗಿದ್ದರೆ ಒಂದು ಕಿಲೋಮೀಟರಿಗೆ ಸುಮಾರು 4.4 ಮೀಟರ್ ಅಡ್ಡಕ್ಕೆ ಉಜ್ಜಿದ ಹಾಗೆ. 10,000 ಕಿಮೀ ಓಡಿದರೆ 44 ಕಿಮೀ! ಟೈರನ್ನು ರಸ್ತೆಯ ಮೇಲೆ ಅಡ್ಡಡ್ಡ ಇಟ್ಟು ಅಷ್ಟು ದೂರ ಎಳೆದರೆ ಏನು ಉಳಿಯುತ್ತದೆ? ಕ್ಯಾಂಬರೂ ಜೊತೆಗಿದ್ದರೆ ಆ ಉಜ್ಜಾಟವೆಲ್ಲ ಒಳ ಅಂಚಿನ ಮೇಲೇ ಬೀಳುತ್ತದೆ. ನನ್ನ ಕಾರಿನಲ್ಲಿ ಕ್ಯಾಂಬರ್ ಕಂಪನಿ ಹೇಳಿದ ಅಳತೆಯೊಳಗೇ ಇತ್ತು.

ಇನ್ನೊಂದು ಬಗೆಯ ಸಾವು ಇದೆ. ಟ್ರೆಡ್ ಚೆನ್ನಾಗಿದೆ, ಸೈಡ್‌ವಾಲಿನಲ್ಲಿ, ಅಂದರೆ ಟೈರಿನ ಪಕ್ಕದ ಗೋಡೆಯಲ್ಲಿ, ಗುಳ್ಳೆ ಎದ್ದಿದೆ. ಗುಂಡಿಗೋ ಕಲ್ಲಿಗೋ ಬಡಿದಾಗ ಸೈಡ್‌ವಾಲ್ ರಿಮ್ಮಿನ ತುಟಿಗೂ ರಸ್ತೆಗೂ ನಡುವೆ ಸಿಕ್ಕಿ ಒಳಗಿನ ದಾರ ತುಂಡಾಗುತ್ತದೆ. ಅಲ್ಲಿ ಗಾಳಿಯನ್ನು ತಡೆಯುವುದಕ್ಕೆ ಬರೀ ರಬ್ಬರ್ ಉಳಿಯುತ್ತದೆ. ಇದಕ್ಕೆ ರಿಪೇರಿ ಇಲ್ಲ, ಟೈರ್ ತೆಗೆಯಬೇಕು. ಗುಳ್ಳೆ ಬಂದು ಟೈರ್ ಕಳೆದುಕೊಂಡವರು ಜಾಸ್ತಿ ಕಿಲೋಮೀಟರ್ ಬರುವ ರಬ್ಬರ್ ಹುಡುಕಿ ಏನೂ ಪ್ರಯೋಜನವಿಲ್ಲ.

ಸವೆತ ಒಂದೇ ಸಮ ಇದೆ ಅಂತಾದರೆ ಒಂದು ಸಣ್ಣ ಲೆಕ್ಕ ಮಾಡಿ. ಪರ್ಫಾರ್ಮೆನ್ಸ್ ಟೈರ್ ಹೊಸದರಲ್ಲಿ ಸುಮಾರು 7ರಿಂದ 8 ಮಿಮೀ ಆಳ ಇರುತ್ತದೆ. 7.5 ಅಂತ ಇಟ್ಟುಕೊಂಡು 1.6 ಕಳೆಯಿರಿ. ಕೈಗೆ ಸಿಗುವುದು ಬರೀ 5.9 ಮಿಮೀ. 12,000 ಕಿಮೀಗೆ 3 ಮಿಮೀ ಹೋಗಿದ್ದರೆ ಒಂದು ಮಿಮೀಗೆ 4,000 ಕಿಮೀ, ಒಟ್ಟು 23,000 ಚಿಲ್ಲರೆ. ನಿಮ್ಮ ಕಾರು, ನಿಮ್ಮ ಕಾಲು, ನಿಮ್ಮ ರಸ್ತೆಯ ಲೆಕ್ಕ ಇದು. ಜಾಹೀರಾತಿನಲ್ಲಿ ಬರೆದ ಯಾವ ಕಿಲೋಮೀಟರಿಗಿಂತಲೂ ಇದು ನಿಜ.

ಟೈರಿನ ಮೇಲಿನ ಆ 300, 540

ಅನೇಕ ಟೈರ್‌ಗಳ ಸೈಡ್‌ವಾಲಿನಲ್ಲಿ "ಟ್ರೆಡ್‌ವೇರ್" ಅಂತ ಬರೆದು ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಅದರ ಜೊತೆ ಟ್ರಾಕ್ಷನ್, ಟೆಂಪರೇಚರ್ ಅಂತ ಎರಡು ಅಕ್ಷರ. ಇದು ಅಮೆರಿಕದ ಸರ್ಕಾರಿ ಪದ್ಧತಿ, ಹೆಸರು ಯುಟಿಕ್ಯುಜಿ. ಬಾಳಿಕೆ ಹುಡುಕುವವರ ಕಣ್ಣು ಮೊದಲು ಹೋಗುವುದು ಇಲ್ಲಿಗೇ. ಹಾಗಾಗಿ ಇದು ಹೇಗೆ ಹುಟ್ಟುತ್ತದೆ ಅಂತ ಗೊತ್ತಿರಲಿ.

ಟೆಕ್ಸಾಸ್ ರಾಜ್ಯದ ಸಾಮಾನ್ಯ ರಸ್ತೆಗಳಲ್ಲಿ ಸುಮಾರು 640 ಕಿಮೀಯ ಒಂದು ಸುತ್ತು ಇದೆ. ಪರೀಕ್ಷೆಯ ಟೈರ್ ಹಾಕಿದ ಕಾರುಗಳು, ಹೋಲಿಕೆಗೆ ಇಟ್ಟ ಟೈರ್ ಹಾಕಿದ ಕಾರಿನ ಜೊತೆ ಸಾಲಾಗಿ ಓಡುತ್ತವೆ. ಒಟ್ಟು ಸುಮಾರು 11,500 ಕಿಮೀ. ಆಮೇಲೆ ಸವೆತ ಅಳೆದು, ಹೀಗೇ ಸವೆದರೆ ಪೂರ್ತಿ ಸವೆಯುವುದಕ್ಕೆ ಎಷ್ಟು ಹಿಡಿಯುತ್ತದೆ ಅಂತ ಅಂದಾಜು ಮಾಡುತ್ತಾರೆ. ಹೋಲಿಕೆಯ ಟೈರಿಗೆ 100 ಅಂದರೆ, ಅದರ ಎರಡರಷ್ಟು ಬಾಳುವುದಕ್ಕೆ 200.

ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಕೊನೆಯಲ್ಲಿ ಟೈರಿನ ಮೇಲೆ ಸಂಖ್ಯೆ ಹಾಕುವುದು ಸರ್ಕಾರವಲ್ಲ, ತಯಾರಿಸಿದ ಕಂಪನಿಯೇ. ಬಂದದ್ದಕ್ಕಿಂತ ಕಮ್ಮಿ ಬರೆದುಕೊಂಡರೆ ಯಾರೂ ಕೇಳುವುದಿಲ್ಲ. ಒಬ್ಬರು ಧೈರ್ಯವಾಗಿ ಬರೆಯುತ್ತಾರೆ, ಇನ್ನೊಬ್ಬರು ಹಿಂಜರಿದು ಬರೆಯುತ್ತಾರೆ. ಹಾಗಾಗಿ ಒಂದೇ ಕಂಪನಿಯ ಎರಡು ಟೈರ್ ಹೋಲಿಸುವುದಕ್ಕೆ ಈ ಸಂಖ್ಯೆ ಪರವಾಗಿಲ್ಲ. ಬೇರೆ ಬೇರೆ ಕಂಪನಿಗಳ 300ಕ್ಕೂ 340ಕ್ಕೂ ನಡುವೆ ತಲೆ ಕೆಡಿಸಿಕೊಳ್ಳುವುದು ಸುಮ್ನೆ.

200 ಅನ್ನುವ ಸಂಖ್ಯೆಯಂತೂ ತಮಾಷೆಯೇ. ಹವ್ಯಾಸಿ ರೇಸಿಂಗಿನ ಅನೇಕ ವಿಭಾಗಗಳಲ್ಲಿ 200ಕ್ಕಿಂತ ಕಮ್ಮಿ ಸಂಖ್ಯೆಯ ಟೈರ್ ಹಾಕುವ ಹಾಗಿಲ್ಲ. ಹಾಗಾಗಿ ಅಂಟಿನ ಹಾಗೆ ರಸ್ತೆ ಹಿಡಿಯುವ ಟೈರ್ ಮೇಲೂ ಸರಿಯಾಗಿ 200 ಅಂತಲೇ ಇರುತ್ತದೆ. ಬ್ರಿಜ್‌ಸ್ಟೋನ್ ಪೊಟೆಂಜಾ ಆರ್‌ಇ-71ಆರ್‌ಎಸ್ ಅಂಥದ್ದು. ವಾರಾಂತ್ಯದ ಟ್ರ್ಯಾಕಿಗೆ ಬಹಳ ಚೆನ್ನ. ದಿನಾ ಆಫೀಸಿಗೆ ಅದರಲ್ಲಿ ಹೋಗುತ್ತೇನೆ ಅಂದರೆ ಬಾಳಿಕೆಯ ಮಾತೇ ಎತ್ತಬೇಡಿ.

ಇಷ್ಟೆಲ್ಲ ಬೈದರೂ ದೊಡ್ಡ ಅಂತರದಲ್ಲಿ ಸಂಖ್ಯೆ ಸುಳ್ಳು ಹೇಳುವುದಿಲ್ಲ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್‌ಗೆ 300. ಕಾಂಟಿನೆಂಟಲ್ ಎಕ್ಸ್‌ಟ್ರೀಮ್ ಕಾಂಟ್ಯಾಕ್ಟ್ ಸ್ಪೋರ್ಟ್ 02ಗೆ 340. ಇವು ಬೇಸಿಗೆ ಟೈರ್‌ಗಳು, ಅಂದರೆ ಬೆಚ್ಚಗಿನ ರಸ್ತೆಗೆ ಮಾಡಿದವು. ಒಣ ರಸ್ತೆ, ಒದ್ದೆ ರಸ್ತೆ ಎರಡಕ್ಕೂ ಸೈ. ಮಿಶೆಲಿನ್ನಿನದೇ ಪೈಲಟ್ ಸ್ಪೋರ್ಟ್ ಆಲ್ ಸೀಸನ್ 4ಕ್ಕೆ 540. ಅದು ಇನ್ನೊಂದು ಜಾತಿ. ತಿರುವಿನಲ್ಲಿ ಬೇಸಿಗೆ ಟೈರಿನಷ್ಟು ಚುರುಕಾಗಿ ಮಾತು ಕೇಳುವುದಿಲ್ಲ, ಆದರೆ ಚಳಿಗೂ ಆಗುತ್ತದೆ, ಜಾಸ್ತಿ ದಿನ ಬರುತ್ತದೆ.

ಯಾವ ಜಾತಿ ನಿಮಗೆ ಅಂತ ತೀರ್ಮಾನಿಸುವುದೇ ಅರ್ಧ ಕೆಲಸ. ನನ್ನ ಗೆಳೆಯನೊಬ್ಬ ಹಾಟ್ ಹ್ಯಾಚ್‌ಗೆ ಆಲ್ ಸೀಸನ್ ಹಾಕಿಸಿಕೊಂಡು ಸುಖವಾಗಿದ್ದಾನೆ. ಅವನ ಓಡಾಟದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಟ್ರಾಫಿಕ್. ನನಗೆ ಅದು ಒಗ್ಗಲಿಲ್ಲ. ಅವನ ಕಾರು ಓಡಿಸಿದಾಗ ಸ್ಟೀರಿಂಗಿಗೂ ರಸ್ತೆಗೂ ನಡುವೆ ಒಂದು ಕಂಬಳಿ ಹಾಸಿದ ಹಾಗೆ ಅನ್ನಿಸಿತು. ರಸ್ತೆಯ ತಾಪ 7 ಡಿಗ್ರಿಗಿಂತ ಕೆಳಗೆ ಇಳಿಯುವ ಕಡೆ ಇರುವವರಿಗೆ ಮಾತ್ರ ಈ ಆಯ್ಕೆಯಲ್ಲಿ ರುಚಿಯ ಪ್ರಶ್ನೆ ಇಲ್ಲ. ಅಂಥ ಚಳಿಯಲ್ಲಿ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಚಳಿಗಾಲಕ್ಕೆ ಬೇರೆ ಸೆಟ್ ಇಟ್ಟುಕೊಂಡರೆ ಎರಡೂ ಸೆಟ್ ಜಾಸ್ತಿ ವರ್ಷ ಬರುತ್ತವೆ.

ಯುರೋಪಿನ ಲೇಬಲ್ ಕೂಡ ನೋಡಿರುತ್ತೀರಿ, ಬಣ್ಣಬಣ್ಣದ ಪಟ್ಟಿ, ಎಯಿಂದ ಇವರೆಗೆ. 2021ರಲ್ಲಿ ಬಂದ ಹೊಸ ಲೇಬಲಿನಲ್ಲಿ ಇಂಧನ, ಒದ್ದೆ ರಸ್ತೆಯ ಹಿಡಿತ, ಸದ್ದು ಇವೆ. ಬಾಳಿಕೆಯ ಅಂಕ ಅದರಲ್ಲಿರಲಿಲ್ಲ. ಆದರೂ ಅದನ್ನು ಬಿಡಬೇಡಿ. ಗಟ್ಟಿ ರಬ್ಬರ್ ಹಾಕಿ ಬಾಳಿಕೆ ತರುವುದು ಸುಲಭ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯುವ ಹಾಗೆ ಮಾಡಿಯೂ ಬಾಳಿಕೆ ತರುವುದು ಕಷ್ಟ. ಟ್ರೆಡ್‌ವೇರ್ ಸಂಖ್ಯೆ ದೊಡ್ಡದಿದ್ದು ಒದ್ದೆ ಹಿಡಿತದ ಅಕ್ಷರ ಸಿ, ಡಿ ಅಂತಿದ್ದರೆ ನಾನು ಆ ಟೈರ್ ಕೊಳ್ಳುವುದಿಲ್ಲ. ಅಮೆರಿಕದ ಟ್ರಾಕ್ಷನ್ ಅಕ್ಷರದಲ್ಲಾದರೆ ಎಎ ಅಥವಾ ಎ. ಅದೂ ನೇರ ರಸ್ತೆಯಲ್ಲಿ, ಒದ್ದೆಯಲ್ಲಿ ಬ್ರೇಕ್ ಹಾಕಿದ ಪರೀಕ್ಷೆ ಮಾತ್ರ. ತಿರುವಿನ ಬಗ್ಗೆ ಏನೂ ಹೇಳುವುದಿಲ್ಲ.

ನಾನು ಜಾಸ್ತಿ ನಂಬುವುದು ಸವೆತವನ್ನೂ ಅಳೆಯುವ ಹೋಲಿಕೆ ಪರೀಕ್ಷೆಗಳನ್ನು. ಜರ್ಮನಿಯ ವಾಹನ ಸಂಘ ಎಡಿಎಸಿ ತನ್ನ ಟೈರ್ ಪರೀಕ್ಷೆಗಳಲ್ಲಿ ಅಂದಾಜು ಎಷ್ಟು ಕಿಮೀ ಬರುತ್ತದೆ, 1,000 ಕಿಮೀಗೆ ಎಷ್ಟು ಗ್ರಾಂ ರಬ್ಬರ್ ಉದುರುತ್ತದೆ ಅಂತ ಕೊಡುತ್ತದೆ. ನಿಮ್ಮ ಅಳತೆಯೇ ಪರೀಕ್ಷೆಯಲ್ಲಿ ಇರಲಿಕ್ಕಿಲ್ಲ. ಪರವಾಗಿಲ್ಲ, ಹತ್ತಿರದ ಅಳತೆ ಸಾಕು. ಅಲ್ಲಿ ಬರುವ ಕಿಲೋಮೀಟರ್ ನಿಮಗೆ ಬರುವುದಿಲ್ಲ, ಟೈರ್‌ಗಳ ನಡುವಿನ ಅಂತರ ಮಾತ್ರ ನೋಡಿ.

ಸೈಡ್‌ವಾಲ್ ಓದುವುದು

ನನ್ನ ಮುಂದಿನ ಟೈರಿನ ಮೇಲೆ ಹೀಗಿದೆ: 225/40 ಝಡ್‌ಆರ್18 92ವೈ ಎಕ್ಸ್‌ಎಲ್. ಅಗಲ 225 ಮಿಮೀ. ಸೈಡ್‌ವಾಲಿನ ಎತ್ತರ ಅಗಲದ 40 ಪರ್ಸೆಂಟ್, ಅಂದರೆ 90 ಮಿಮೀ. ರಿಮ್ 18 ಇಂಚು. ಇಷ್ಟು ಎಲ್ಲರಿಗೂ ಗೊತ್ತು. ಬಾಳಿಕೆಯ ಕತೆ ಇರುವುದು ಕೊನೆಯ ತುಂಡಿನಲ್ಲಿ.

92 ಅಂದರೆ ಒಂದು ಟೈರ್ 630 ಕೆಜಿ ಹೊರಬಲ್ಲದು. ಇದೇ ಅಳತೆಯ ಸಾಮಾನ್ಯ ಟೈರ್ 88 ಅಂತ ಬರುತ್ತದೆ, ಅದು 560 ಕೆಜಿ. ಎಕ್ಸ್‌ಎಲ್ ಅಂದರೆ ಎಕ್ಸ್‌ಟ್ರಾ ಲೋಡ್. ಕಾರಿಗೆ 92 ಬೇಕು ಅಂತ ಮ್ಯಾನುಯಲ್‌ನಲ್ಲಿದ್ದರೆ 88 ಹಾಕಿಸಲೇಬೇಡಿ. ನಡೆಯುತ್ತೆ ಬಿಡಿ ಅನ್ನುವವರು ಸಿಗುತ್ತಾರೆ. ಭಾರ ತಡೆಯದ ಟೈರ್ ಜಾಸ್ತಿ ಬಾಗುತ್ತದೆ, ಬಿಸಿಯಾಗುತ್ತದೆ, ಬೇಗ ಸಾಯುತ್ತದೆ. ಇಲ್ಲೊಂದು ಹುಳುಕು ಇದೆ. ಎಕ್ಸ್‌ಎಲ್ ಟೈರ್ ಆ ಹೆಚ್ಚಿನ ಭಾರ ಹೊರುವುದು ಹೆಚ್ಚಿನ ಗಾಳಿ ಹಾಕಿದಾಗ ಮಾತ್ರ. ಎಕ್ಸ್‌ಎಲ್ ಹಾಕಿಸಿದ್ದೇನೆ, ಇನ್ನು ಗಾಳಿ ಕಮ್ಮಿ ಇದ್ದರೂ ನಡೆಯುತ್ತದೆ ಅಂದುಕೊಂಡರೆ ಲೆಕ್ಕ ತಲೆಕೆಳಗು.

ವೈ ಅಂದರೆ ಗಂಟೆಗೆ 300 ಕಿಮೀ ವೇಗ ತಡೆಯುತ್ತದೆ ಅಂತ. ಡಬ್ಲ್ಯು 270, ವಿ 240, ಎಚ್ 210. ನಾನೆಲ್ಲಿ 300ರಲ್ಲಿ ಹೋಗುತ್ತೇನೆ, ಎಚ್ ಸಾಕಲ್ವಾ ಅಂತ ನನಗೂ ಒಮ್ಮೆ ಅನ್ನಿಸಿತ್ತು. ಎಚ್ ದರ್ಜೆಯ ಟೂರಿಂಗ್ ಟೈರ್‌ಗಳು ಜಾಸ್ತಿ ಬಾಳುವುದೂ ಹೌದು. ಆದರೆ ಆ ಅಕ್ಷರ ಬರೀ ವೇಗದ್ದಲ್ಲ, ಬಿಸಿ ತಡೆಯುವ ಶಕ್ತಿಯದ್ದು. ಅದಕ್ಕೆ ತಕ್ಕ ಹಾಗೆ ಒಳಗಿನ ಬೆಲ್ಟ್, ಸೈಡ್‌ವಾಲಿನ ಬಿಗಿ ಬದಲಾಗುತ್ತದೆ. ಕಾರಿನ ಕಂಪನಿ ಹೇಳಿದ್ದಕ್ಕಿಂತ ಕೆಳಗೆ ಇಳಿಯಬೇಡಿ.

ಇನ್ನು ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಯಾರೂ ಓದುವುದಿಲ್ಲ, ಟಾರ್ಚ್ ಬೇಕು. "ಪ್ಲೈಸ್" (ಪದರಗಳು) ಅನ್ನುವ ಪದ ಹುಡುಕಿ. ಟ್ರೆಡ್‌ನ ಕೆಳಗೆ ಎಷ್ಟು ಪದರ ಪಾಲಿಯೆಸ್ಟರ್, ಎಷ್ಟು ಉಕ್ಕು, ಎಷ್ಟು ನೈಲಾನ್, ಸೈಡ್‌ವಾಲಿನಲ್ಲಿ ಎಷ್ಟು ಪದರ ಅಂತ ಅಲ್ಲಿ ಬರೆದಿರುತ್ತದೆ. ಗುಳ್ಳೆಯಿಂದ ಟೈರ್ ಕಳೆದುಕೊಂಡವರು ಈ ಸಾಲು ಓದಿ. ಸೈಡ್‌ವಾಲಿನಲ್ಲಿ ಒಂದು ಪದರ ಇರುವುದೂ ಉಂಟು, ಎರಡು ಇರುವುದೂ ಉಂಟು. ಗುಂಡಿ ರಸ್ತೆಯಲ್ಲಿ ಓಡಾಡುವವನು ನಾನಾದರೆ ಎರಡರದ್ದನ್ನೇ ಆರಿಸುತ್ತೇನೆ. ರಿಮ್ಮಿನ ತುಟಿಯನ್ನು ಕಾಯುವ ರಬ್ಬರ್ ದಡ ಸೈಡ್‌ವಾಲಿನ ಬುಡದಲ್ಲಿ ಇದೆಯೇ ಅಂತಲೂ ಬೆರಳಾಡಿಸಿ ನೋಡಿ. ಪಾರ್ಕಿಂಗ್ ಮಾಡುವಾಗ ಫುಟ್‌ಪಾತಿಗೆ ರಿಮ್ ಉಜ್ಜುವುದನ್ನು ಅದು ತಪ್ಪಿಸುತ್ತದೆ.

ಕಾರಿನ ಜೊತೆ ಬಂದ ಟೈರಿನ ಮೇಲೆ ಒಂದು ನಕ್ಷತ್ರ, ಅಥವಾ ಎಂಒ, ಎಒ, ಎನ್0 ಅಂತ ಇದ್ದರೆ ಅದು ಕಾರು ಕಂಪನಿಯ ಗುರುತು. ನಕ್ಷತ್ರ ಬಿಎಂಡಬ್ಲ್ಯುಗೆ, ಎಂಒ ಮರ್ಸಿಡಿಸ್‌ಗೆ, ಎಒ ಆಡಿಗೆ, ಎನ್ ಪೋರ್ಷೆಗೆ. ಹೆಸರು ಒಂದೇ ಇದ್ದರೂ ಆ ಕಾರಿಗೆಂದೇ ರಬ್ಬರನ್ನೋ ಒಳಗಿನ ಕಟ್ಟನ್ನೋ ಸ್ವಲ್ಪ ಬದಲಿಸಿರುತ್ತಾರೆ. ಹಾಗಾಗಿ ಅದೇ ಟೈರ್ ಹಾಕಿಸಿದೆ, ಈ ಸಲ ಬೇರೆ ಥರ ಇದೆ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಗುರುತು ಇರುವುದನ್ನೇ ಹಾಕಿಸಬೇಕು ಅಂತ ನಾನು ಹಟ ಹಿಡಿಯುವುದಿಲ್ಲ. ಒಂದು ಕಾರಿನಲ್ಲಿ ಗುರುತಿರುವುದು ಎರಡು, ಇಲ್ಲದ್ದು ಎರಡು ಅಂತ ಮಾತ್ರ ಬೆರೆಸಬೇಡಿ.

ರಿಮ್ ಇಳಿಸಿದರೆ?

ಗುಳ್ಳೆ, ಬಾಗಿದ ರಿಮ್ಮು ಪದೇ ಪದೇ ಕಾಡುತ್ತಿದ್ದರೆ ಟೈರ್ ಬ್ರ್ಯಾಂಡ್ ಬದಲಿಸುವುದಕ್ಕಿಂತ ರಿಮ್ ಒಂದು ಇಂಚು ಇಳಿಸುವುದು ದೊಡ್ಡ ಮದ್ದು. 225/35 ಆರ್19ರಲ್ಲಿ ಸೈಡ್‌ವಾಲ್ ಸುಮಾರು 79 ಮಿಮೀ. 225/40 ಆರ್18ರಲ್ಲಿ 90. 225/45 ಆರ್17ರಲ್ಲಿ 101. ಒಟ್ಟು ಎತ್ತರ ಮಾತ್ರ 640, 637, 634 ಮಿಮೀ, ಹೆಚ್ಚು ಕಮ್ಮಿ ಒಂದೇ. ಸ್ಪೀಡೋಮೀಟರ್‌ಗೂ ಗೊತ್ತಾಗುವುದಿಲ್ಲ. 19ರಿಂದ 17ಕ್ಕೆ ಬಂದರೆ ರಿಮ್ಮಿಗೂ ಕಲ್ಲಿಗೂ ನಡುವೆ 22 ಮಿಮೀ ರಬ್ಬರ್ ಜಾಸ್ತಿ ಸಿಗುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಕಾರು ಕೂದಲೆಳೆಯಷ್ಟು ತಡವಾಗಿ ತಿರುಗಿದ ಹಾಗೆ ಅನ್ನಿಸಬಹುದು. ಒಂದು ವಾರಕ್ಕೆ ಅಭ್ಯಾಸವಾಗುತ್ತದೆ.

ಆದರೆ ಪರ್ಫಾರ್ಮೆನ್ಸ್ ಕಾರಿನಲ್ಲಿ ಬ್ರೇಕ್ ದೊಡ್ಡದು. ಸಣ್ಣ ರಿಮ್ ಬ್ರೇಕಿನ ಕ್ಯಾಲಿಪರ್‌ಗೆ (ಡಿಸ್ಕನ್ನು ಹಿಡಿಯುವ ಭಾಗ) ತಾಗಬಹುದು. ಕಾರಿನ ಮ್ಯಾನುಯಲ್‌ನಲ್ಲಿ ಯಾವ ಯಾವ ಅಳತೆ ಒಪ್ಪಿದ್ದಾರೆ ಅಂತ ನೋಡಿ. ಅಲ್ಲಿರದ ಅಳತೆ ಹಾಕಲೇಬೇಕು ಅಂದರೆ ಬರೀ ರಿಮ್ ಹಾಕಿ, ಕೈಯಲ್ಲಿ ತಿರುಗಿಸಿ ನೋಡದೆ ಟೈರ್ ಕೊಳ್ಳಬೇಡಿ. ಭಾರದ ಸಂಖ್ಯೆಯೂ ಹೊಂದಬೇಕು.

ಎರಡಾ, ನಾಲ್ಕಾ?

ನಾಲ್ಕೂ ಚಕ್ರಕ್ಕೆ ಒಂದೇ ಅಳತೆ ಇದ್ದವರು ಪುಣ್ಯವಂತರು. 8,000ರಿಂದ 10,000 ಕಿಮೀಗೊಮ್ಮೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಮಾಡುತ್ತಾ ಹೋದರೆ ನಾಲ್ಕೂ ಒಟ್ಟಿಗೆ ಮುಗಿಯುತ್ತವೆ. ಬಾಣದ ಗುರುತಿನ ಟೈರ್ ಆದರೆ ಅದೇ ಪಕ್ಕದಲ್ಲೇ ಬದಲಿಸಬೇಕು. ನನ್ನ ಹಾಗೆ ಹಿಂದೆ ಅಗಲ, ಮುಂದೆ ಸಣ್ಣದು ಇದ್ದವರಿಗೆ ಈ ಭಾಗ್ಯ ಇಲ್ಲ. ಹಿಂದಿನ ಎರಡು ಜೋಡಿ ಮುಗಿಯುವಾಗ ಮುಂದಿನದು ಒಂದು ಜೋಡಿ ಮುಗಿಯುತ್ತದೆ. ಹಾಗಾಗಿ ಸದ್ಯದಲ್ಲೇ ತಯಾರಿಕೆ ನಿಲ್ಲುವ ಹಳೇ ಮಾಡೆಲ್ ಟೈರನ್ನು ನಾನು ಕೊಳ್ಳುವುದಿಲ್ಲ. ಮುಂದಿನ ಸಲ ಜೋಡಿ ಸಿಗದೆ ನಾಲ್ಕೂ ಎಸೆಯಬೇಕಾಗುತ್ತದೆ.

ಎರಡೇ ಹೊಸದು, ಅಳತೆಯೂ ಒಂದೇ ಅಂತಾದರೆ ಹೊಸದು ಹಿಂದಕ್ಕೆ. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೂ ಅಷ್ಟೇ. ನೀರು ನಿಂತ ರಸ್ತೆಯಲ್ಲಿ ಮುಂದಿನ ಟೈರ್ ತೇಲಿದರೆ ಸ್ಟೀರಿಂಗ್ ಹಗುರಾಗಿ ನಿಮಗೆ ಗೊತ್ತಾಗುತ್ತದೆ, ಕಾಲು ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಿಂದಿನದು ತೇಲಿದರೆ ಗೊತ್ತಾಗುವಷ್ಟರಲ್ಲಿ ಕಾರು ಬೇರೆ ದಿಕ್ಕು ನೋಡುತ್ತಿರುತ್ತದೆ.

ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ಇನ್ನೂ ಹುಷಾರು. 637 ಮಿಮೀ ಎತ್ತರದ ಟೈರ್ ಒಂದು ಸುತ್ತಿಗೆ ಸರಿಯಾಗಿ 2 ಮೀಟರ್ ಹೋಗುತ್ತದೆ, ಕಿಲೋಮೀಟರಿಗೆ 500 ಸುತ್ತು. 3 ಮಿಮೀ ಸವೆದ ಟೈರ್ ಪ್ರತಿ ಸುತ್ತಿಗೆ 19 ಮಿಮೀ ಹಿಂದೆ ಬೀಳುತ್ತದೆ, ಕಿಲೋಮೀಟರಿಗೆ 9 ಮೀಟರ್ ಚಿಲ್ಲರೆ. ಆ ವ್ಯತ್ಯಾಸವನ್ನೆಲ್ಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್ಲೋ ಕ್ಲಚ್ಚೋ ದಿನವಿಡೀ ನುಂಗುತ್ತಿರಬೇಕು. ಎಷ್ಟು ವ್ಯತ್ಯಾಸ ಒಪ್ಪಬಹುದು ಅಂತ ನಿಮ್ಮ ಮ್ಯಾನುಯಲ್ ಹೇಳುತ್ತದೆ. ಅದನ್ನು ಮೀರಿದರೆ ನಾಲ್ಕೂ ಬದಲಿಸಿ.

ಹಾಕಿಸುವ ದಿನ

ಟೈರ್ ರಿಮ್ಮಿಗೆ ಏರುವ ಮೊದಲು ಸೈಡ್‌ವಾಲಿನಲ್ಲಿ ಡಿಒಟಿ ಅಂತ ಶುರುವಾಗುವ ಸಾಲು ಹುಡುಕಿ. ಕೊನೆಯ ನಾಲ್ಕು ಅಂಕಿ ಹುಟ್ಟಿದ ದಿನ. 0824 ಅಂದರೆ 2024ನೇ ಇಸವಿಯ 8ನೇ ವಾರ. ಒಂದು ಕಡೆಯ ಸೈಡ್‌ವಾಲಿನಲ್ಲಿ ಈ ಅಂಕಿ ಇಲ್ಲದಿದ್ದರೆ ಇನ್ನೊಂದು ಕಡೆ ಇರುತ್ತದೆ. ಮೈಮೇಲೆ ರಬ್ಬರ್ ಕೂದಲು ಇದೆ, ಹೊಸದೇ ಅಂತ ತೋರಿಸುತ್ತಾರೆ. ಕೂದಲು ಅಚ್ಚಿನಿಂದ ಬಂದದ್ದು, ಎಷ್ಟು ವರ್ಷ ಗೋಡೌನಿನಲ್ಲಿದ್ದರೂ ಉದುರುವುದಿಲ್ಲ. ನೆರಳಲ್ಲಿ ಚೆನ್ನಾಗಿಟ್ಟ ಒಂದು ವರ್ಷದ ಟೈರ್ ಕೆಡುವುದಿಲ್ಲ. ಆದರೆ ವರ್ಷಕ್ಕೆ ಆರೇಳು ಸಾವಿರ ಕಿಮೀ ಓಡಿಸುವವರಲ್ಲಿ ಟ್ರೆಡ್ ಮುಗಿಯುವ ಮೊದಲೇ ರಬ್ಬರಿಗೆ ವಯಸ್ಸಾಗುತ್ತದೆ. ಅಂಥವರು ಮೂರು ವರ್ಷದ ಹಳೇ ಸ್ಟಾಕ್ ಯಾಕೆ ಹೊರಬೇಕು?

ಅಂಥವರಿಗೆ ಇನ್ನೊಂದು ಮಾತು. ನಿಮಗೆ 540ರ ಟೈರೇ ಬೇಡ. ಸವೆಯುವ ಮೊದಲೇ ಗಟ್ಟಿಯಾಗಿ ಬಿರುಕು ಬಿಡುವ ಟೈರಿನಲ್ಲಿ ಬಾಳಿಕೆ ಹುಡುಕಿ ಏನು ಮಾಡುತ್ತೀರಿ? ಒಳ್ಳೆ ಹಿಡಿತ ಇರುವುದನ್ನೇ ಹಾಕಿಸಿಕೊಂಡು ಸುಖಪಡಿ. ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿಸಿ ಒಳಗೂ ಹೊರಗೂ ನೋಡಿಸಿ. ಹತ್ತು ವರ್ಷ ಆಯಿತು ಅಂದರೆ ಟ್ರೆಡ್ ಎಷ್ಟಿದ್ದರೂ ತೆಗೆಸಿ.

ಟೈರ್ ಹಾಕಿದ ಮೇಲೆ ನಾಲ್ಕು ಚಕ್ರದ ಅಲೈನ್‌ಮೆಂಟ್ ಮಾಡಿಸಿ, ಮೊದಲಿನ ಮತ್ತು ಆಮೇಲಿನ ಅಳತೆಯ ಪ್ರಿಂಟ್ ಕೇಳಿ ಪಡೆಯಿರಿ. ಮುಂದಿನ ಟೋ ಮಾತ್ರ ಸರಿಮಾಡಿ ಕಳಿಸುವವರಿದ್ದಾರೆ. ನನಗೆ ಮೊದಲೆರಡು ಸಲ ಆದದ್ದು ಅದೇ. ಪ್ರಿಂಟ್‌ನಲ್ಲಿ ಹಿಂದಿನ ಟೋ ಎಡ ಬಲ ಎರಡೂ ಹಸಿರಿನಲ್ಲಿದೆಯೇ, ಅಂದರೆ ಕಂಪನಿ ಹೇಳಿದ ಅಳತೆಯೊಳಗಿದೆಯೇ ನೋಡಿ. ಅಳತೆಗೆ ಕೂರುತ್ತಲೇ ಇಲ್ಲ ಅಂದರೆ ಬುಷ್ಷೋ ಆರ್ಮೋ ಹೋಗಿದೆ. ಅದನ್ನು ಮಾಡಿಸದೆ ಹೊಸ ಟೈರ್ ಇಳಿಸಬೇಡಿ. ಕಾರಿನಲ್ಲಿ ಸಾಮಾನ್ಯವಾಗಿ ಎಷ್ಟು ಭಾರ ಇರುತ್ತದೋ ಅಷ್ಟಿರುವಾಗ ಅಳೆಸಿದರೆ ಇನ್ನೂ ಒಳ್ಳೆಯದು. ವಾಲ್ವ್ ಹೊಸದು ಹಾಕಿಸಿ. ನಟ್‌ಗಳನ್ನು ಕೊನೆಗೆ ಟಾರ್ಕ್ ರೆಂಚಿನಲ್ಲೇ ಬಿಗಿಸಲಿ.

ಮೊದಲ 300 ಕಿಮೀ ಸಮಾಧಾನವಾಗಿ ಓಡಿಸಿ. ಹೊಸ ಟೈರಿನ ಮೈ ಜಾರುತ್ತದೆ, ಟ್ರೆಡ್ ಆಳವಾಗಿರುವುದರಿಂದ ಅದರ ತುಂಡುಗಳು ಅಲುಗಾಡುತ್ತವೆ. ಮೊದಲ ದಿನವೇ ಜೋರಾಗಿ ತಿರುಗಿಸಿದರೆ ಆ ತುಂಡುಗಳ ಅಂಚು ಹರಿಯುತ್ತದೆ. ಇಷ್ಟು ದುಬಾರಿ ರಬ್ಬರ್ ಅಷ್ಟು ಬೇಗ ಉದುರುವುದನ್ನು ನೋಡುವುದಕ್ಕಾಗುವುದಿಲ್ಲ.

ಗಾಳಿಯ ವಿಷಯ ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ. ಬೆಳಿಗ್ಗೆ ಕಾರು ತೆಗೆಯುವ ಮೊದಲು, ಟೈರ್ ತಣ್ಣಗಿರುವಾಗ ನೋಡಬೇಕು. ತಾಪ ಐದಾರು ಡಿಗ್ರಿ ಏರಿದರೆ ಗಾಳಿಯ ಒತ್ತಡ 1 ಪಿಎಸ್‌ಐ ಏರುತ್ತದೆ. ಬಿಸಿ ಟೈರಿನಲ್ಲಿ 36 ತೋರಿಸಿತು ಅಂತ ಖುಷಿಪಟ್ಟರೆ ಬೆಳಿಗ್ಗೆ 32 ಇರುತ್ತದೆ. ಎಷ್ಟು ಹಾಕಬೇಕು ಅನ್ನುವುದು ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿರುತ್ತದೆ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ಹಾಕಬೇಡಿ.

ನನ್ನ ಗ್ಲೋವ್ ಬಾಕ್ಸಿನಲ್ಲಿ ಈಗ ಒಂದು ಗೇಜು, ಒಂದು ಸಣ್ಣ ನೋಟ್‌ಬುಕ್ಕು ಇವೆ. 5,000 ಕಿಮೀಗೊಮ್ಮೆ ಹನ್ನೆರಡು ಅಳತೆ ಬರೆಯುತ್ತೇನೆ. ಹಿಂದಿನ ಬಲಗಡೆಯ ಸಾಲು ಕಳೆದ ಸಲ ಹೀಗಿತ್ತು: ಒಳಗೆ 4.6, ನಡು 4.9, ಹೊರಗೆ 5.1. ಒಳಗೂ ಹೊರಗೂ ಅರ್ಧ ಮಿಮೀ ವ್ಯತ್ಯಾಸ ಕ್ಯಾಂಬರಿನದು, ಅದನ್ನು ಒಪ್ಪಿಕೊಂಡಿದ್ದೇನೆ. ಅದು ಒಂದು ಮಿಮೀ ದಾಟಿದ ದಿನ ಕಾರು ಅಲೈನ್‌ಮೆಂಟ್ ಯಂತ್ರದ ಮೇಲೆ ಇರುತ್ತದೆ. ನಡುವಿನ ಅಳತೆ 3ಕ್ಕೆ ಇಳಿದ ಮೇಲೆ ಬರುವ ಮೊದಲ ಮಳೆಗಾಲಕ್ಕೆ ಮುಂಚೆ ಈ ಜೋಡಿ ತೆಗೆಸುತ್ತೇನೆ. 1.6ರ ತನಕ ಓಡಿಸಬಹುದು, ನಿಜ. ನಿಂತ ನೀರಿನಲ್ಲಿ 255 ಮಿಮೀ ಅಗಲದ ಟೈರಿಗೆ ಆ ಕೊನೆಯ ಮಿಲಿಮೀಟರ್ ಸಾಲುವುದಿಲ್ಲ.